ಮೂರನೇ ಲೇನಿನ ಉಬ್ಬಿದ ತೋಟಾ

ಟ್ಯಾಮರಾಕ್ ಕೌಂಟಿಯ ಸಮಸ್ತ ನಾಗರಿಕರಿಗೆ ಅತೀವ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಡ್ರೈ ಫೋರ್ಕ್ ರೈಫಲ್ ಮತ್ತು ಪಿಸ್ತೂಲ್ ಕ್ಲಬ್ಬಿನ ಉಗ್ರಾಣದಿಂದ ಒಂದು ನೀಲಿ ಡ್ರಮ್ಮಿನ ತುಂಬ ಇದ್ದ ಖಾಲಿ ತೋಟಾಗಳು ಕಣ್ಮರೆಯಾಗಿವೆ. ಗಮನಿಸಿ, ಖಾಲಿ. ಗುಂಡು ಹಾರಿ, ಮದ್ದು ಸುಟ್ಟು, ಉಳಿದುಕೊಂಡ ಹಿತ್ತಾಳೆ ಚಿಪ್ಪುಗಳು.

ಈ ಘೋಷಣೆಯನ್ನು ಕ್ಲಬ್ಬಿನ ಅಧ್ಯಕ್ಷ ವೆಂಡೆಲ್ ಸ್ಟ್ರೌಡ್ ಸೆಪ್ಟೆಂಬರ್ ಹದಿನಾಲ್ಕರ ಶನಿವಾರ ಬೆಳಿಗ್ಗೆ 9:10ಕ್ಕೆ ಶೆರಿಫ್ ಠಾಣೆಗೆ ಬಂದು, ಟೋಪಿ ತೆಗೆದು ಎದೆಗೊತ್ತಿಕೊಂಡು, ಕಾಗದ ನೋಡಿ ಓದಿದ. ಸಾರ್ಜೆಂಟ್ ರಾಯ್ ಹಲ್ವರ್‌ಸನ್ ಕಾಫಿ ಲೋಟ ಪಕ್ಕಕ್ಕಿಟ್ಟು ದೂರು ದಾಖಲಿಸಿಕೊಂಡ.

"ಏನೇನು ಹೋಗಿದೆ?"

"ಒಂಬತ್ತು ಎಂಎಂ. ಪಿಸ್ತೂಲಿನವು. ನಿನ್ನೆ ಬೆಳಿಗ್ಗೆ ತುಂಬಿತ್ತು, ಸಂಜೆಗೆ ಡ್ರಮ್ ಪೂರ್ತಿ ಬರಿದು."

"ಬೇರೆ?"

"ರೈಫಲ್ ತೋಟಾ ಡ್ರಮ್ ಇದೆ, ಸಣ್ಣ ಟ್ವೆಂಟಿ-ಟೂ ತೋಟಾ ಡ್ರಮ್ ಇದೆ. ಮುಟ್ಟೇ ಇಲ್ಲ. ಸೋಮವಾರ ಗುಜರಿಯವನು ಬರೋನಿದ್ದ, ರಾಯ್."

"ಬೀಗ?"

"ನಂಬರ್ ಬೀಗ. ಒಡೆದಿಲ್ಲ."

"ನಂಬರು ಯಾರ್ಯಾರಿಗೆ ಗೊತ್ತು?"

"ಸದಸ್ಯರಿಗೆ ಮಾತ್ರ."

"ಎಷ್ಟು ಜನ?"

"ಇನ್ನೂರ ಹನ್ನೆರಡು."

ಮೂಲೆಯ ಮೇಜಿನಿಂದ ಡೆಪ್ಯುಟಿ ಟೀನಾ ಬರ್ಕೆಟ್ ಕೇಳಿದಳು: "ಸಾರ್, ಶಂಕಿತರು ಇನ್ನೂರ ಹನ್ನೆರಡು, ಎಲ್ಲರ ಹತ್ರನೂ ಗನ್ ಇದೆ ಅಂತ ಬರ್ಕೊಳ್ಳಲಾ?"

"ಬರಿಬೇಡ. ಅದು ಸುದ್ದಿ ಅಲ್ಲ."

10:05ಕ್ಕೆ ಸ್ಥಳ ಪಂಚನಾಮೆ. ಬೆಟ್ಟದ ಬುಡದಲ್ಲಿ ಗುರಿಗೆ ಗುಂಡು ಹಾರಿಸುವ ಹನ್ನೆರಡು ಲೇನುಗಳು, ಪಕ್ಕದಲ್ಲಿ ತಗಡಿನ ಉಗ್ರಾಣ. ಗುಂಡು ಹಾರಿಸುವವರು ನಿಲ್ಲುವ ಜಾಗದಲ್ಲಿ ಹಿತ್ತಾಳೆ ಚಿಪ್ಪುಗಳು ಹರಡಿಬಿದ್ದು, ಬೂಟು ಇಟ್ಟಲ್ಲೆಲ್ಲ ಕಿರಗುಟ್ಟುತ್ತಿದ್ದವು. ಇಡೀ ಬೇಸಿಗೆ ಯಾರೂ ಅಲ್ಲಿ ಕಸಬರಿಗೆ ಆಡಿಸಿದಂತಿರಲಿಲ್ಲ. ಹೊಸ ಫಲಕವೊಂದು ಮಾತ್ರ ಫಳಫಳ ಹೊಳೆಯುತ್ತಿತ್ತು: ಕಾರ್ಖಾನೆ ತೋಟಾ ಮಾತ್ರ. ಮನೆಯಲ್ಲಿ ತುಂಬಿದ ತೋಟಾ ನಿಷಿದ್ಧ. ಅಪ್ಪಣೆ ಮೇರೆಗೆ, ಅಧ್ಯಕ್ಷರು.

ಉಗ್ರಾಣದ ಒಳಗೆ ನೋಡಿದರೆ ಕತೆಯೇ ಬೇರೆ. ಬರಿದಾದ ಡ್ರಮ್ಮಿನ ಸುತ್ತಲಿನ ನೆಲ ಊಟಕ್ಕೆ ತಟ್ಟೆ ಹಾಕಬಹುದಾದಷ್ಟು ಚೊಕ್ಕಟ. ಕಸಬರಿಗೆ ಮೊಳೆಗೆ ನೇತಾಡುತ್ತಿತ್ತು, ಕಡ್ಡಿಗಳು ಮೇಲಕ್ಕೆ.

"ಕಳ್ಳ ಕಸ ಹೊಡೆದು ಹೋಗಿದ್ದಾನಲ್ಲ ಸಾರ್," ಎಂದಳು ಟೀನಾ.

ರಾಯ್ ಮೊಳೆಯ ಹತ್ತಿರ ಹೋದ. ಕಸಬರಿಗೆಯನ್ನು ನೋಡುತ್ತ ನಿಂತ. ಪಂಚನಾಮೆಯಲ್ಲಿ ಎರಡನ್ನೂ ಬರೆಸಿದ, ಒಳಗಿನ ಚೊಕ್ಕಟ ಮತ್ತು ಹೊರಗಿನ ಕಸ.

11:30ಕ್ಕೆ ಹಾರ್ಡ್‌ವೇರ್ ಅಂಗಡಿಯ ಆರ್ಲೋ ಟಿಬೆಟ್ಸ್‌ನ ವಿಚಾರಣೆ. ಖಾಲಿ ಚಿಪ್ಪಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿ ಒಂಬತ್ತು ಎಂಎಂ ತೋಟಾ ಮಾಡಿಕೊಳ್ಳುವವರಲ್ಲಿ ಅವನೇ ದೊಡ್ಡ ಕುಳ. ಆ ಊರಲ್ಲಿ ವಿಚಾರಣೆಯ ಒಂದು ಕಷ್ಟವೆಂದರೆ, ಪ್ರಶ್ನೆ ಕೇಳುವವನ ಸೊಂಟಕ್ಕೆ ಮೊದಲು ಕಣ್ಣು ಹೋಗುತ್ತದೆ, ಕಿವಿ ಆಮೇಲೆ.

"ಇನ್ನೂ ಆ ಪ್ಲಾಸ್ಟಿಕ್ ಪಿಸ್ತೂಲೇನಾ ರಾಯ್ ನಿಂದು? ನೀರು ಬರುತ್ತಾ ಅದರಲ್ಲಿ?"

"ಸರ್ಕಾರ ಕೊಟ್ಟಿದ್ದು. ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಇಲ್ಲೇ. ನಂದು ನೋಡು, ಪೂರ್ತಿ ಉಕ್ಕು. ಸೊಂಟ ಒಂದು ಕಡೆ ವಾಲುತ್ತೆ, ನಿಜ. ಆದ್ರೆ ಕೈಯಲ್ಲಿ ಹಿಡಿದ್ರೆ ಹಿಡಿದ ಹಾಗೆ ಇರುತ್ತೆ."

"ಇಲ್ಲೇ ಇದ್ದೆ ಅನ್ನೋಕೆ ಸಾಕ್ಷಿ?"

"ನಾಲ್ಕು ಗಂಟೆ ಹೊತ್ತು ಗಿರಾಕಿಗಳ ಜೊತೆ ರಿವಾಲ್ವರ್ ಮೇಲೋ ಪಿಸ್ತೂಲ್ ಮೇಲೋ ಅಂತ ಜಗಳ ಆಡಿದೀನಿ. ಆರು ಜನ ಸಾಕ್ಷಿ. ಅದ್ರಲ್ಲಿ ಇಬ್ರು ಈಗ ನನ್ನ ಜೊತೆ ಮಾತಾಡಲ್ಲ."

"ಈ ನಿಷೇಧದ ಫಲಕ ಯಾಕೆ ಬಂತು?"

ಆರ್ಲೋ ದನಿ ತಗ್ಗಿಸಿದ. "ಜೂನ್ ಎಂಟನೇ ತಾರೀಖು ವೆಂಡೆಲ್ ಪಿಸ್ತೂಲು ಢಮ್ ಅಂತು, ಹಿಡಿ ಬಿರುಕು ಬಿಡ್ತು. ಯಾವ್ದೋ ತೋಟಾದಲ್ಲಿ ಎರಡು ಪಾಲು ಮದ್ದು ಬಿದ್ದಿತ್ತು. 'ಮೂರನೇ ಲೇನಿನ ಮುದುಕಿ ತುಂಬಿದ್ದು, ಬೆಂಚಿನ ಮೇಲೆ ಬಿಟ್ಟಿದ್ಲು, ನನ್ನ ಡಬ್ಬಕ್ಕೆ ಸೇರ್ಕೊಂಡಿದೆ' ಅಂದ. ಸಮಿತಿಯವರದ್ದು ಎಲ್ಲ ಹಿತ್ತಾಳೆ ಕಿವಿ, ನಂಬಿಬಿಟ್ರು."

"ನೀನು?"

"ಮೂರನೇ ಲೇನು ಅಂದ್ರೆ ವರ್ನಾ ಪಿಕೆಟ್. ಅವಳು ತನ್ನ ತೋಟಾ ಇನ್ನೊಬ್ರಿಗೆ ಸಿಗೋ ಹಾಗೆ ಬಿಡೋದಾ? ಇನ್ನೊಬ್ರು ತುಂಬಿದ ತೋಟಾ ಹಾರಿಸೋದು ಅಂದ್ರೆ ಇನ್ನೊಬ್ರ ಹಲ್ಲುಜ್ಜೋ ಬ್ರಷ್ ಬಾಯಿಗಿಟ್ಟ ಹಾಗೆ. ನಮ್ಮಲ್ಲಿ ಕೊಡೋರೂ ಇಲ್ಲ, ತಗೊಳ್ಳೋರೂ ಇಲ್ಲ. ಆದ್ರೆ ಅವಳ ಮಾತು ಕೇಳಿದ್ಯಾರು? ಅಮಾನತು ಮಾಡಿದ್ರು. ಅಮಾನತಾದವರು ಸಭೇಲಿ ಮಾತಾಡೋ ಹಾಗಿಲ್ಲ ಅಂದ್ರು."

"ಆ ಢಮ್ ಅಂದ ತೋಟಾದ ಚಿಪ್ಪು ಎಲ್ಲಿ?"

"ಅದೇ ನೋಡು! ಮದ್ದು ತುಂಬೋನು ಅಂಥ ಚಿಪ್ಪನ್ನ ಜೇಬಿಗಿಟ್ಕೊಂಡು ಹೋಗಿ ತಿಂಗಳುಗಟ್ಟಲೆ ತಿರುಗಿಸಿ ನೋಡ್ತಾನೆ. ವೆಂಡೆಲ್ ತುಂಬೋನಲ್ಲ, ಕೊಳ್ಳೋನು. ಕಾಲಲ್ಲಿ ಒದ್ದು ಕಸದ ಜೊತೆ ಸೇರಿಸಿದ."

ಜೀಪಿಗೆ ಹತ್ತುವಾಗ ರಾಯ್‌ಗೆ ಮೂವತ್ತು ವರ್ಷದ ಹಿಂದಿನ ಬೇಟೆ ತರಗತಿ ನೆನಪಾಯಿತು. ಕೌಂಟಿಯಲ್ಲಿ ಬಂದೂಕು ಹಿಡಿಯುವ ಪ್ರತಿಯೊಬ್ಬನಿಗೂ ಪಾಠ ಹೇಳಿದವಳು ಮಿಸ್ ವರ್ನಾ. ಮೊದಲ ದಿನ ಬಂದೂಕನ್ನೇ ತೋರಿಸುತ್ತಿರಲಿಲ್ಲ, ಕಸಬರಿಗೆ ಕೊಡುತ್ತಿದ್ದಳು. ಗುಡಿಸಿದ ಮೇಲೆ ಕಡ್ಡಿ ಮೇಲಾಗಿ ನೇತುಹಾಕದಿದ್ದರೆ ಮತ್ತೆ ಗುಡಿಸಬೇಕಿತ್ತು.

2:20ಕ್ಕೆ ಎಲ್ಮ್ ಬೀದಿಯ ಮನೆ. ಕದ ತಟ್ಟುವ ಮೊದಲೇ ತೆರೆಯಿತು. ಎಪ್ಪತ್ತನಾಲ್ಕರ ವರ್ನಾ ಪಿಕೆಟ್ ಇಸ್ತ್ರಿ ಮಾಡಿದ ಬಿಳಿ ಬ್ಲೌಸು, ನೀಲಿ ಕೋಟು ತೊಟ್ಟು ನಿಂತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಚೀಲ.

"ಎಷ್ಟೊತ್ತೋ ಬರೋದು ರಾಯ್! ಬೆಳಿಗ್ಗೆಯಿಂದ ಕೋಟು ಹಾಕ್ಕೊಂಡು ಬೇಯ್ತಾ ಇದೀನಿ."

"ಮಿಸ್ ವರ್ನಾ, ಕ್ಲಬ್ಬಿನ ತೋಟಾಗಳು…"

"ನಾನೇ ತಗೊಂಡೆ. ನಿನ್ನೆ ಮಧ್ಯಾಹ್ನ, ಬಕೆಟ್ಟಲ್ಲಿ, ಹತ್ತೊಂಬತ್ತು ಸಲ ಓಡಾಡಿ. ಬರ್ಕೋ. ಹುಡುಗಿ, ನೀನೂ ಬರ್ಕೋ, ಇವನ ಅಕ್ಷರ ಇವನಿಗೇ ಓದೋಕೆ ಬರಲ್ಲ."

ಗ್ಯಾರೇಜಿನಲ್ಲಿ ನೆಲದ ತುಂಬ ಹಳೆಯ ಹಾಸಿಗೆ ಬಟ್ಟೆ, ಅದರ ಮೇಲೆ ಹಿತ್ತಾಳೆಯ ರಾಶಿ. ಕೇಕು ಬೇಯಿಸುವ ಗುಂಡಿ ತಟ್ಟೆಗಳಲ್ಲಿ ವಿಂಗಡಿಸಿದ ಚಿಪ್ಪುಗಳು. ಗೋಡೆಗೆ ತೋಟಾ ತುಂಬುವ ಹಿಡಿಕೆ ಯಂತ್ರ, ಮದ್ದು ತೂಗುವ ಪುಟ್ಟ ತಕ್ಕಡಿ, ನಲವತ್ತೊಂದು ವರ್ಷದ ನೋಟ್‌ಬುಕ್ಕುಗಳು. ಬೆಂಚಿನ ಮೇಲೆ ಅವಳ ಒಂಬತ್ತು ಎಂಎಂ ರಿವಾಲ್ವರ್. ಸಂಧಿವಾತದ ಬೆರಳಿಗೆ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆಳೆಯಲಾಗದೆ ಹತ್ತು ವರ್ಷದ ಹಿಂದೆ ಕೊಂಡದ್ದು. ಆರು ತೋಟಾ ಒಂದು ಚಕ್ರದಂಥ ಕ್ಲಿಪ್ಪಿನಲ್ಲಿ ಕಚ್ಚಿಕೊಂಡಿರುತ್ತವೆ, ಹೋಗುವಾಗಲೂ ಆರು, ಬರುವಾಗಲೂ ಆರು.

"ನಂದು ಒಂದೇ ಒಂದು ಬಿಡಿ ತೋಟಾ ಬೆಂಚಿನ ಮೇಲೆ ಉಳಿಯೋದು ಹೇಗೆ, ನೀನೇ ಹೇಳು," ಎಂದಳು. ಆಮೇಲೆ ರಾಶಿಯಿಂದ ಹುಡುಕಿ ತೆಗೆದು ಹತ್ತಿಯ ಮೇಲಿಟ್ಟಿದ್ದ ಒಂದು ಚಿಪ್ಪನ್ನು ಅವನ ಅಂಗೈಗೆ ಹಾಕಿದಳು. "ಓದು. ತರಗತೀಲಿ ಓದಿದ ಹಾಗೆ."

ರಾಯ್ ಬೆಳಕಿಗೆ ಹಿಡಿದ. ಬುಡದ ಬಳಿ ಒಂದು ಕಡೆ ಹೊಟ್ಟೆಯಂತೆ ಉಬ್ಬಿತ್ತು. "ಹೆಚ್ಚು ಮದ್ದು."

"ಬುಡದ ಕೇಪಿನ ಮೇಲೆ, ಪಿಸ್ತೂಲಿನ ಮೊಳೆ ಬಡಿದಲ್ಲಿ?"

"ಚೌಕ ಗುರುತು. ವೆಂಡೆಲ್ ಥರದ ಪಿಸ್ತೂಲು ಹಾಗೇ ಹೊಡೆಯುತ್ತೆ. ನಿಮ್ಮದು ದುಂಡಗೆ."

"ಕೇಪಿನ ಸುತ್ತ?"

"ಕೆಂಪು ಅರಗು."

"ಅದನ್ನ ಹಚ್ಚೋರು ಯಾರು?"

ರಾಯ್ ತಲೆಯೆತ್ತಿದ. "ಕಾರ್ಖಾನೆಯೋರು. ಮನೇಲಿ ಕೇಪು ಕೂರಿಸಿದ್ರೆ ಅರಗು ಇರಲ್ಲ."

"ಪಾಸ್," ಎಂದಳು ವರ್ನಾ. "ಕಾರ್ಖಾನೆ ತಪ್ಪು ಮಾಡ್ತು, ವೆಂಡೆಲ್ ನೋಡದೇ ಒದ್ದ, ಹೆಸರು ಹೋಗಿದ್ದು ನಂದು. ಸೋಮವಾರ ಇದೂ ಗುಜರೀಲಿ ಕರಗಿ ಹೋಗ್ತಿತ್ತು. ಈಗ ಜಪ್ತಿ ಮಾಡು, ಪಂಚನಾಮೆ ಬರಿ, ನನ್ನನ್ನ ಅರೆಸ್ಟ್ ಮಾಡು."

"ಇದನ್ನ ವೆಂಡೆಲ್‌ಗೆ ತೋರಿಸಿದ್ರೆ ಸಾಕಲ್ವಾ ಮಿಸ್ ವರ್ನಾ? ನಾನೇ ಹೋಗಿ…"

"ಬೇಡ! ಸಮಿತಿ ನನ್ನ ಮಾತು ಕೇಳಲ್ಲ ಅಂತು. ಕೋರ್ಟು ಕೇಳ್ಲೇಬೇಕು. ಕಳ್ಳಿಗೆ ಮಾತಾಡೋ ಹಕ್ಕಿದೆ, ಕ್ಲಬ್ಬಿನ ಸದಸ್ಯಳಿಗಿಲ್ಲ. ವೆಂಡೆಲ್ ಸ್ಟ್ರೌಡ್ ಪ್ರಮಾಣ ಮಾಡಿ ಕಟಕಟೇಲಿ ನಿಲ್ಬೇಕು, ಊರೆಲ್ಲ ಕೂತಿರ್ಬೇಕು, ಅವನ ಕೈಗೆ ಇದನ್ನ ಕೊಟ್ಟು 'ಓದಪ್ಪ ಅಧ್ಯಕ್ಷ' ಅನ್ಬೇಕು. ಹನ್ನೆರಡು ಪುಟ ಭಾಷಣ ಬರೆದಿಟ್ಟಿದೀನಿ. ಕೈ ಮುಂದೆ ಮಾಡ್ಲಾ, ಹಿಂದೆ ಮಾಡ್ಲಾ?"

3:05ಕ್ಕೆ ದಸ್ತಗಿರಿ. ಮುಚ್ಚಳಿಕೆಗೆ ಸಹಿ ಹಾಕಿ ಮನೆಗೆ ಹೋಗಿ ಎಂದರೆ ಒಪ್ಪಲಿಲ್ಲ. ಎರಡು ರಾತ್ರಿ ಲಾಕಪ್ಪಿನಲ್ಲೇ ಕಳೆದಳು. ಭಾನುವಾರ ಬೆಳಿಗ್ಗೆ ಟೀನಾ ಬರುವಾಗ ಲಾಕಪ್ಪಿನ ನೆಲ ಹೊಳೆಯುತ್ತಿತ್ತು. ಠಾಣೆಯ ಕಸಬರಿಗೆ ತಲೆಕೆಳಗಾಗಿ ನೇತಾಡುತ್ತಿತ್ತು.

ಸೋಮವಾರ 10:30. ಸರ್ಕಾರಿ ವಕೀಲ ಹಾಬ್ಸ್ ಕಡತ ಹಿಡಿದು ಬಂದ. ಜೊತೆಗೆ ಕ್ಲಬ್ಬಿನ ನಿಯಮಾವಳಿ, 1961ರದ್ದು, ಕಾಫಿ ಕಲೆ ಸಮೇತ.

"ಮಿಸ್ ವರ್ನಾ, ಕೇಸು ನಿಲ್ಲಲ್ಲ," ಎಂದ. "ಏಳನೇ ನಿಯಮ. ಹಾರಿಸಿದವರು ಬಿಟ್ಟುಹೋದ ಚಿಪ್ಪು ಅದನ್ನು ನೆಲದಿಂದ ಎತ್ತಿದವರ ಸ್ವತ್ತು. ಇವತ್ತಿಗೂ ತಿದ್ದುಪಡಿ ಆಗಿಲ್ಲ."

"ಅದಕ್ಕೇನೀಗ?"

"ಕ್ಲಬ್ಬಲ್ಲಿ ಪ್ರತಿ ಶನಿವಾರ ಗುಡಿಸೋರ ಪಟ್ಟಿ ನೋಡಿದೆ. ನಲವತ್ತೊಂದು ವರ್ಷ ಬರೀ ನಿಮ್ಮ ಹೆಸರು. ಕೊನೇದು ಜೂನ್ ಎಂಟು. ಆಮೇಲೆ ಯಾರೂ ಗುಡಿಸಿಲ್ಲ, ಪಂಚನಾಮೆಯಲ್ಲೇ ಇದೆ, ಹೊರಗೆ ಕಸ ಹಾಗೇ ಬಿದ್ದಿದೆ ಅಂತ. ಅಂದ್ರೆ ಡ್ರಮ್ಮಲ್ಲಿದ್ದ ಪ್ರತಿಯೊಂದು ಚಿಪ್ಪನ್ನೂ ಎತ್ತಿದ್ದು ನೀವು. ನಿಮ್ಮದನ್ನ ನೀವೇ ಕದಿಯೋಕಾಗಲ್ಲ."

ವರ್ನಾ ಎದ್ದು ನಿಂತಳು. "ನಾನು ಎತ್ತೇ ಇಲ್ಲ! ಬೆನ್ನು ನೋವು ಅಂತ, ನೆಲದ ಅಕ್ರೋಟ ಬಾಗದೆ ಹೆಕ್ಕೋ ತಂತಿ ಉರುಳೆ ಉರುಳಿಸ್ತಿದ್ದೆ. ಉರುಳೆ ಎತ್ತಿದ್ದು!"

"ಉರುಳೆ ಯಾರದ್ದು?"

"…ನಂದು."

"ಮುಗೀತು."

"ಅಕ್ರಮ ಪ್ರವೇಶ? ಅಮಾನತಾಗಿರೋಳು ನಾನು!"

"ಅಮಾನತು ಪತ್ರದಲ್ಲಿ ವೆಂಡೆಲ್ 'ಗುಂಡು ಹಾರಿಸುವಂತಿಲ್ಲ' ಅಂತ ಮಾತ್ರ ಬರೆದಿದ್ದಾನೆ. 'ಒಳಗೆ ಬರುವಂತಿಲ್ಲ' ಅಂತ ಬರೆದಿಲ್ಲ."

"ಆ ಮನುಷ್ಯನಿಗೆ ಸರಿಯಾಗಿ ಓಡಿಸೋಕೂ ಬರಲ್ವಲ್ಲ!" ವರ್ನಾ ಕೂತಳು. ಹನ್ನೆರಡು ಪುಟ ಅವಳ ಮಡಿಲಲ್ಲಿತ್ತು. "ಹಾಗಾದ್ರೆ ಕೋರ್ಟು?"

"ಇಲ್ಲ."

"ವೆಂಡೆಲ್ ಪ್ರಮಾಣ?"

"ಯಾವ ಕೇಸಿನಲ್ಲಿ ಅಂತ ಕರೆಸಲಿ, ಮಿಸ್ ವರ್ನಾ?"

ವರ್ನಾ ಹನ್ನೆರಡು ಪುಟಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ ಅವಳು ಕೋಟಿನ ಗುಂಡಿ ಹಾಕಿಕೊಂಡು, ಜಪ್ತಿ ಮಾಲು ವಾಪಸಾತಿ ರಸೀದಿಗೆ ಸಹಿ ಮಾಡಿದಳು. ರಾಯ್ ಉಬ್ಬಿದ ಚಿಪ್ಪನ್ನು ಲಕೋಟೆಯಿಂದ ತೆಗೆದು ಕೊಡಹೋದ.

"ಇಟ್ಕೋ. ಈಗ ನಂದೇ ಅಂತಾಯ್ತಲ್ಲ, ಯಾರಿಗೆ ಬೇಕಾದ್ರೂ ಕೊಡ್ತೀನಿ. ಮೇಜಿನ ಮೇಲಿಡು, ಬಂದೋರೆಲ್ಲ ಓದ್ಲಿ." ಬಾಗಿಲಲ್ಲಿ ತಿರುಗಿದಳು. "ಶನಿವಾರ ಮೂರನೇ ಲೇನಿಗೆ ಬರ್ತೀನಿ ಅಂತ ಆ ಹಿತ್ತಾಳೆ ಕಿವಿಯೋರಿಗೆ ಹೇಳು. ಹಾರಿಸೋ ಹಾಗಿಲ್ಲ ತಾನೇ? ಕುರ್ಚಿ ಹಾಕ್ಕೊಂಡು ಕೂತು ನೋಡ್ತೀನಿ, ಒಬ್ಬೊಬ್ರನ್ನೇ. ಗುಡಿಸೋದು ಮಾತ್ರ ಇಲ್ಲ."

ಅವಳು ಹೋದ ಮೇಲೆ ಟೀನಾ ಕಡತ ಮುಚ್ಚಲು ಕೂತಳು. ಕೊನೆಯ ಕಲಮಿನಲ್ಲಿ, 'ಕೃತ್ಯಕ್ಕೆ ಕಾರಣ' ಎಂಬಲ್ಲಿ, ಶನಿವಾರವೇ ರಾಯ್ ಬರೆದಿಟ್ಟಿದ್ದ: ನಲವತ್ತೊಂದು ವರ್ಷ ಒಂದೊಂದು ಕಾಳೂ ತೂಗಿ ಹಾಕಿದ ಮದ್ದಿನ ಮೇಲೆ, ತೂಗದೆ ಆಡಿದ ಒಂದು ಮಾತು.

"ಸಾರ್, ಕೃತ್ಯವೇ ನಡೆದಿಲ್ಲ ಅಂತಾಯ್ತು. ನಿಯಮದ ಪ್ರಕಾರ ಕಾರಣ ಹೊಡೆದು ಹಾಕಬೇಕು."

ರಾಯ್ ಪೆನ್ನು ತೆಗೆದುಕೊಂಡ. ಅಳತೆಪಟ್ಟಿ ಇಟ್ಟು ಒಂದೇ ಒಂದು ಗೆರೆ ಎಳೆದ. ಅಡಿಯ ಅಕ್ಷರಗಳೆಲ್ಲ ಸಲೀಸಾಗಿ ಓದಲು ಬರುವಷ್ಟು ತೆಳುವಾಗಿ.