ಹದಿಮೂರನೇ ಡಿವಿಷನ್ನಿನ ನಿಶಾನಿಗಳು

1915ರ ಏಪ್ರಿಲ್ 7, ಬುಧವಾರ. ಬೆಳಿಗ್ಗೆ ಒಂಬತ್ತಕ್ಕೆ ವಾಚನಾಲಯದ ಗುಮಾಸ್ತ ಶಿವರಾಜಪ್ಪ ಬೀದರ ಠಾಣೆಗೆ ಬಂದು ದೂರು ಕೊಟ್ಟ. ಗೋಡೆಯ ಯುದ್ಧನಕ್ಷೆಯಲ್ಲಿ, ಫ್ರಾನ್ಸಿನ ಹಿಂದುಸ್ತಾನಿ ಸೈನ್ಯದ ಎದುರಿಗೆ ಜರ್ಮನರ ಹದಿಮೂರನೇ ಡಿವಿಷನ್ನಿನ ನಾಲ್ಕು ಕಾಗದದ ನಿಶಾನಿಗಳಿದ್ದವು. ಮೂರು ಕಳವಾಗಿದ್ದವು, ಗುಂಡುಸೂಜಿ ಸಮೇತ.

"ಒಂದು ಡಿವಿಷನ್ನಿಗೆ ನಾಲ್ಕು ಯಾಕ?" ಠಾಣೆಯ ಅಮೀನ ಸಲಾವೋದ್ದೀನ ಕೇಳಿದರು.

"ಎರಡು ಪಲ್ಟನ್ ಕೂಡಿ ಒಂದು ಬ್ರಿಗೇಡ್, ಎರಡು ಬ್ರಿಗೇಡ್ ಕೂಡಿ ಒಂದು ಡಿವಿಷನ್ರಿ. ಪಲ್ಟನ್ನಿಗೊಂದು ನಿಶಾನಿ. ಹೈದರಾಬಾದಿನಿಂದ ಅಚ್ಚಾಗಿ ಬಂದಾವ, ಬದಲಿ ಸಿಗೂದಿಲ್ಲ. ಹದಿನಾಲ್ಕಕ್ಕ ತಾಲೂಕದಾರ ಸಾಹೇಬ್ರು ನೋಡಾಕ ಬರ್ತಾರ. ನನ್ನ ನೌಕರಿ ಹೋಗ್ತದ್ರಿ."

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕಳವು ನಡೆದದ್ದು ಮೂರು ಮಂಗಳವಾರ, ಒಂದೊಂದಾಗಿ. ಮೊದಲೆರಡು ಉದುರಿ ಕಸದಲ್ಲಿ ಹೋದವೆಂದು ಗುಮಾಸ್ತ ತಿಳಿದಿದ್ದ.

ನಕ್ಷೆಯ ವಿಷಯದಲ್ಲಿ ಅವನೊಂದಿಗೆ ಜಗಳವಾಡಿದ್ದವರು ಭಾಲ್ಕಿಯ ವಕೀಲ ಅಬ್ದುಲ ವಾಹೀದ. ಮರುದಿನ ಪೊಲೀಸ್ ಜವಾನ ಮಡೆಪ್ಪ ಭಾಲ್ಕಿಗೆ ಹೋದ.

"ಜರ್ಮನ್ ಪಲ್ಟನ್ ಸರಸೂದು ಇಂಗ್ರೇಜರಿಗೇ ಆಗವಲ್ದು, ನಾ ಜೇಬಿನ್ಯಾಗ ಹಾಕ್ಕೊಂಡು ಬಂದೇನಂತ?" ವಕೀಲರು ನಕ್ಕರು. ಮೂರೂ ಮಂಗಳವಾರ ಅವರು ಭಾಲ್ಕಿಯ ಅದಾಲತಿನಲ್ಲಿದ್ದರು.

9ರಂದು ಮರಳುವಾಗ, ಔರಾದ ದಾರಿ ಕವಲೊಡೆಯುವಲ್ಲಿ ಮಡೆಪ್ಪ ನಿಂತ. ನೆಲದ ಮೇಲೆ ಒಣಮೆಣಸಿನಕಾಯಿ, ಉಪ್ಪು, ಹೋಳು ಮಾಡಿದ ಲಿಂಬೆಹಣ್ಣು. ಹಣ್ಣಿಗೆ ಚುಚ್ಚಿದ್ದ ಸೂಜಿಯಲ್ಲಿ ನಿಶಾನಿ. ನಿವಾಳಿಸಿ ಒಗೆದದ್ದನ್ನು ಅವನು ಮುಟ್ಟಲಿಲ್ಲ, ಅಮೀನರನ್ನು ಕರೆತಂದ. ಪಂಚರೂ ಮುಟ್ಟಲಿಲ್ಲ. ಅಮೀನರೇ ಎತ್ತಿಕೊಂಡರು.

ದೃಷ್ಟಿ ತೆಗೆದವರ ಮನೆಯವನೊಬ್ಬ ಆ ಡಿವಿಷನ್ನಿನ ಎದುರಿಗಿರಬೇಕು. ಹಾಗೆಂದುಕೊಂಡು ಅಮೀನರು ಗುಮಾಸ್ತನನ್ನು ಕರೆಸಿದರು.

"ಈ ನಿಶಾನಿ ಯಾರಿಗೆ ತೋರಿಸಿದ್ರಿ?"

"ಕಸ ಹೊಡಿಯೂ ಶಾಲುಬಾಯಿಗ್ರಿ. ಔರಾದ ದಾರಿಯ ಚಿಂತಾಕಿಯಾಕಿ. ಮಗ ಮಾಣಿಕ ಅಲ್ಲಿ ಫೌಜಿನ ಹೇಸರಗತ್ತಿ ಹೊಡೀತಾನ. ಅವನ ಕಾಗದ ನಾನೇ ಓದಿ ಹೇಳ್ತೇನಿ. ಎದುರಿಗೆ ಯಾರಿದ್ದಾರಂತ ಕೇಳಿದಳು. ಬಟ್ಟು ಇಟ್ಟು ತೋರಿಸಿದೆ."

"ನೀವೇ ತೋರಿಸಿದ್ರಿ ಅಂತ ಬರದು ಸಹಿ ಮಾಡಿದ್ರ ನೌಕರಿ ಉಳಿಯೂದಿಲ್ಲ."

"ಮಾಡದಿದ್ರ?"

"ಸರ್ಕಾರಿ ಯುದ್ಧನಕ್ಷಿ ಕೆಡಿಸ್ಯಾಳ, ಮಗನ ಸಲುವಾಗಿ ಅನ್ನಾಕ ಸಾಕ್ಷಿ ಇರೂದಿಲ್ಲ. ಯಾರ ಜಾಸೂಸ್ ಅಂತ ಹೈದರಾಬಾದ್ ಕೇಳ್ತದ."

ಅವನು ಸಹಿ ಮಾಡಿದ.

ಸಂಜೆ ನಾಲ್ಕಕ್ಕೆ ಶಾಲುಬಾಯಿಯ ಬಂಧನವಾಯಿತು. ಆಕೆ ಅಲ್ಲಗಳೆಯಲಿಲ್ಲ.

"ಸೂಜಿ ಇದ್ದಲ್ಲಿ ಅವರು ಇರ್ತಾರಂತ್ರಿ. ಮೂರು ಕಿತ್ತೇನಿ, ಒಂದು ಉಳಿದದ. ಮಂಗಳವಾರ ತನಕ ಬಿಡ್ರಿ ಸಾಹೇಬ್ರ."

ಬಿಡಲಿಲ್ಲ. ಆರೋಪ ಬರೀ ಕಳವಿನದು. ಉದ್ದೇಶ ಎಂಬಲ್ಲಿ ಅಮೀನರು ‘ಮಗನ ದೃಷ್ಟಿ ತೆಗೆಯಲು’ ಎಂದು ಬರೆದರು. ಹೊಸ ಡಿವಿಷನ್ ಕಟ್ಟಲು ಜರ್ಮನರು ಹದಿಮೂರನೆಯದರಿಂದ ಒಂದು ಪಲ್ಟನ್ನನ್ನು ಆ ಮಾರ್ಚಿನಲ್ಲಿ ನಿಜವಾಗಿಯೂ ತೆಗೆದಿದ್ದರು. ಬೀದರಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

14ರಂದು ತಾಲೂಕದಾರರು ಬಂದರು. ಶಿವರಾಜಪ್ಪ ಬೀಗದ ಕೈ ಒಪ್ಪಿಸಿ ಮನೆಗೆ ಹೋದ. ನಕ್ಷೆಯಲ್ಲಿ ನಾಲ್ಕನೆಯ ನಿಶಾನಿಯೂ ಇರಲಿಲ್ಲ. ಹಿಂದಿನ ದಿನ ಮಂಗಳವಾರ. ಶಾಲುಬಾಯಿ ಠಾಣೆಯ ಕೊಠಡಿಯಲ್ಲಿದ್ದಳು, ಬೀಗದ ಕೈ ಇದ್ದದ್ದು ಗುಮಾಸ್ತನೊಬ್ಬನ ಬಳಿ. ಅದರ ಬಗ್ಗೆ ಠಾಣೆಗೆ ದೂರು ಬರಲಿಲ್ಲ. ಅಮೀನರೂ ಕೇಳಲಿಲ್ಲ.