ಮೂವತ್ತಾರು ನಿಮಿಷ

"ಬಂತಾ?"

"ಬರ್ತಾ ಅದೆ. ಅರ್ಧ ಬಂತು ಕಾಣ್ತದೆ."

"ನಿಮ್ಮ ಅರ್ಧ ಮುಗಿಯೂದು ಯಾವಾಗ ದೇವು ಅವ್ರೆ? ಇಲ್ಲಿ ಮಾವ ಬಾಗಿಲಲ್ಲೇ ನಿಂತಿದ್ದಾರೆ."

"ಅವ್ರಿಗೊಂದು ಕುರ್ಚಿ ಕೊಡಿ. ನೀವು ಮಾತ್ರ ಏಳ್ಬೇಡಿ."

ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕೂತಿದ್ದ ಬಂಗಾರಿ, ನಗು ಹೊರಗೆ ಬೀಳದಂತೆ ಸೆರಗಿನ ತುದಿ ಕಚ್ಚಿದಳು.

ಎಂಬತ್ತೆಂಟನೇ ಇಸವಿಯ ಮಾತು. ಅವಳು ಕೂತಿದ್ದದ್ದು ಭಟ್ಕಳ ಬಂದರಿನಲ್ಲಿದ್ದ ಒಂದು ಮೀನಿನ ಕಂಪನಿಯ ಆಫೀಸಿನಲ್ಲಿ. ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಕಡೆ ಕಂಪನಿ ಒಂದೊಂದು ಕಂಪ್ಯೂಟರ್ ಇಟ್ಟಿತ್ತು. ಅವುಗಳ ನಡುವೆ ಎರಡು ಬಾಡಿಗೆ ಟೆಲಿಫೋನ್ ತಂತಿ: ಒಂದು ಕಂಪ್ಯೂಟರಿಗೆ, ಇನ್ನೊಂದು ಮಾತಿಗೆ. ದಿನಾ ನಾಲ್ಕು ಗಂಟೆಗೆ ಬಂಗಾರಿ ಎಲ್ಲ ದೋಣಿಗಳ ಹೆಸರು, ಮೀನಿನ ಲೆಕ್ಕ ಇರುವ, ಯಾವಾಗಲೂ ಒಂದೇ ಉದ್ದದ ಪಟ್ಟಿ ಕಳಿಸಬೇಕು, ಕುಮಟೆಯ ಮುಖ್ಯ ಆಫೀಸಿನಲ್ಲಿ ದೇವು ಅದನ್ನು ಹಿಡಿದುಕೊಳ್ಳಬೇಕು. ಪಟ್ಟಿ ಪೂರ್ತಿ ತಲುಪುವವರೆಗೆ ಎರಡೂ ಕಡೆಯವರು ಮಾತಿನ ಫೋನು ಕೆಳಗಿಡುವಂತಿಲ್ಲ. ನಡುವೆ ತುಂಡಾದರೆ ತಕ್ಷಣ ಹೇಳಬೇಕಲ್ಲ!

ಕುಮಟೆಯ ಐಸ್ ಪ್ಲಾಂಟಿನಲ್ಲಿ ಇನ್ನೊಂದು ಕಟ್ಟಳೆಯಿತ್ತು. ಯಾರ ಪಟ್ಟಿ ಮೊದಲು ಮುಟ್ಟಿತೋ ಅವರ ಲಾರಿಗೆ ಐಸು ಮೊದಲು. ಅರ್ಧ ತಾಸು ಹಿಂದೆ ಬಿದ್ದವರು ಎರಡು ಮೂರು ತಾಸು ಕಾಯಬೇಕು.

ಏಪ್ರಿಲಿನಲ್ಲಿ ಪಟ್ಟಿ ಹೋಗಲು ಒಂಬತ್ತು ನಿಮಿಷ ಸಾಕಾಗುತ್ತಿತ್ತು. ಜೂನ್ ಹಿಡಿದಂತೆ ಮೂವತ್ತಾರಾಯಿತು. "ಮಳೆಗೆ ತಂತಿ ನೆನೆದದೆ" ಎಂದ ದೇವು. ಪ್ರತಿ ಗುರುವಾರ ಸ್ಕ್ರೂಡ್ರೈವರ್ ಹಿಡಿದು ಭಟ್ಕಳದಲ್ಲಿ ಬಸ್ಸಿಳಿಯತೊಡಗಿದ. ಪ್ಲಗ್ಗು ಬಿಚ್ಚುವುದು, ಉಪ್ಪುಗಾಳಿಗೆ ಹಿಡಿದ ಕಿಲುಬು ಕೆರೆಯುವುದು, ಮತ್ತೆ ಸಿಕ್ಕಿಸುವುದು. ತಂತಿ ಸರಿಯಾಗಲಿಲ್ಲ. ಆದರೆ ಅವನು ಬಾಳೆಲೆಯಲ್ಲಿ ಸುತ್ತಿ ತರುತ್ತಿದ್ದ ಅಬ್ಬಲಿಗೆ ಹೂವಿನ ದಂಡೆ ಮೇಜಿನಿಂದ ಅವಳ ಜಡೆಗೆ ಏರಲು ಎರಡೇ ಗುರುವಾರ ಸಾಕಾಯಿತು.

ಮೂವತ್ತಾರು ನಿಮಿಷದಲ್ಲಿ ಏನೇನು ಹೇಳಬಹುದು! ಅವನ ಅಕ್ಕನ ಮಗು ಹೆಜ್ಜೆಯಿಟ್ಟದ್ದು, ಅವಳು ಟೈಪಿಂಗ್ ಕಲಿಯಲು ಹೊರಟಾಗ ಕೇರಿಯವರು ನಕ್ಕದ್ದು. ಒಂದು ದಿನ ಅವನು ಸುಮ್ಮನೆ ಇದ್ದುಬಿಟ್ಟ.

"ಎಂತ, ತಂತಿ ತುಂಡಾತಾ?"

"ಇಲ್ಲ. ನೀವು ಉಸಿರಾಡೂದು ಕೇಳ್ತಾ ಇದ್ದೆ."

ಆ ದಿನ ಅವಳು ಮನೆಗೆ ಹೋಗಿ ಗಂಜಿಗೆ ಎರಡು ಸಲ ಉಪ್ಪು ಹಾಕಿದಳು.

ಇತ್ತ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಐಸಿಲ್ಲದೆ ಮೀನು ಕೆಡುತ್ತಿತ್ತು. ಅವಳ ತಾಯಿಯ ಅಣ್ಣ, ಶನಿಯಾರ ಮಾವ, ಒಂದು ಸಂಜೆ ಬುಟ್ಟಿಯನ್ನೇ ತಂದು ಆಫೀಸಿನ ಮೆಟ್ಟಿಲ ಮೇಲೆ ಕುಕ್ಕಿದ.

"ನೋಡು ಮಗಳೇ. ಒಳಗೆ ನಿನ್ ಫೋನು ನಗ್ತದೆ, ಹೊರಗೆ ನನ್ ಬಂಗುಡೆ ನಾರ್ತದೆ. ಹೊನ್ನಾವರದವ್ರ ಪಟ್ಟಿ ಹೋಗ್ತದೆ, ನಿಂದೊಂದೇ ಎಂತಕೆ ತೆವಳ್ತದೆ?"

ಮರುದಿನವೇ ಕುಮಟೆಯ ಮ್ಯಾನೇಜರ್ ತಿಮ್ಮಪ್ಪನ ಚೀಟಿ ಬಂತು. ಭಟ್ಕಳದ ಆಪರೇಟರ್ ನಿಧಾನ, ತಿಂಗಳ ಕೊನೆಗೆ ಬೇರೆಯವರನ್ನು ನೋಡಬೇಕು, ಎಂದು. ಅದೇ ತಿಂಗಳ ಕೊನೆಗೆ ಅವಳ ಕೆಲಸ ಕಾಯಂ ಆಗಬೇಕಿತ್ತು. ಅವಳ ಮನೆಯಲ್ಲಿ ಹೆಣ್ಣೊಬ್ಬಳು ಮೀನಿನ ಬುಟ್ಟಿ ಹೊರದೆ ದುಡಿದದ್ದು ಅದೇ ಮೊದಲು.

ಫೋನಿನಲ್ಲಿ ಅವಳು ಆ ಚೀಟಿ ಓದಿ ಹೇಳಿದಳು. ದೇವು ಕೊನೆಯವರೆಗೆ ಕೇಳಿದ. ಆಮೇಲೆ, "ತಿಮ್ಮಪ್ಪಣ್ಣನ ಸಿಟ್ಟು ಎರಡು ದಿನದ್ದು. ನೀವು ತಲೆ ಕೆಡಿಸ್ಕಬೇಡಿ, ನಾ ಇಲ್ವಾ?" ಎಂದ.

ನಾ ಇಲ್ವಾ ಎಂಬ ಮಾತನ್ನು ಅವಳು ದಿಂಬಿನಂತೆ ತಲೆಯಡಿ ಇಟ್ಟುಕೊಂಡು ಮಲಗಿದಳು.

ನಿದ್ದೆ ಮಾತ್ರ ಬರಲಿಲ್ಲ. ಬೆಳಿಗ್ಗೆ ಬೇಗ ಆಫೀಸಿಗೆ ಬಂದು, ಪಟ್ಟಿ ಹೊರಟ ಹೊತ್ತು ಮುಟ್ಟಿದ ಹೊತ್ತು ಬರೆದಿಡುತ್ತಿದ್ದ ನೋಟುಬುಕ್ಕು ತೆರೆದಳು. ಜಡಿಮಳೆಯ ದಿನ ಮೂವತ್ತಾರು. ಸುಡುಬಿಸಿಲು ಬಿದ್ದ ದಿನವೂ ಮೂವತ್ತಾರು. ಒಂದು ದಿನ ಮೂವತ್ತು, ಒಂದು ದಿನ ಐವತ್ತು ಎಂಬುದಿಲ್ಲ. ಕಿಲುಬು ಹಿಡಿದ ತಂತಿ ಇಷ್ಟು ನಿಯತ್ತಿನಿಂದ ಕೆಡುತ್ತದೆಯೇ? ಒಂಬತ್ತರ ಸರಿಯಾಗಿ ನಾಲ್ಕು ಪಟ್ಟು!

ಮೊದಲ ವಾರ ದೇವುವೇ ಪಕ್ಕದಲ್ಲಿ ಕೂತು ಕಲಿಸಿದ ಪಾಠ ನೆನಪಾಯಿತು. ಕಂಪ್ಯೂಟರಿಗೂ ತಂತಿಗೂ ನಡುವೆ ಕೂರುವ ಪೆಟ್ಟಿಗೆ, ಮೊಡೆಮ್ಮು, ಅದಕ್ಕೆ ಎರಡೇ ವೇಗ. ಒಂದು ಇನ್ನೊಂದರ ನಾಲ್ಕು ಪಟ್ಟು. ಒಂದು ತುದಿಯವರು ವೇಗ ಇಳಿಸಿದರೆ ಇನ್ನೊಂದು ತುದಿಯ ಪೆಟ್ಟಿಗೆಯೂ ತಾನಾಗಿ ಇಳಿಯುತ್ತದೆ. ಜೋರಾಗಿ ಓಡುವಾಗ ಕೊನೆಯ ಕೆಂಪು ದೀಪ ಹತ್ತುತ್ತದೆ. ಜೂನಿನಿಂದ ಆ ದೀಪ ಹತ್ತಿರಲಿಲ್ಲ. ಕೇಳಿದ್ದಕ್ಕೆ ಅವನು, "ಬಲ್ಬು ಸುಟ್ಟದೆ, ಬೊಂಬಾಯಿಂದ ಬರ್ಬೇಕು" ಎಂದಿದ್ದ.

ಅವಳು ಹೊನ್ನಾವರದ ಆಪರೇಟರಿಗೆ ಫೋನು ಮಾಡಿದಳು. "ಗಣಪಕ್ಕ, ನಿನ್ನೆಯ ಪಟ್ಟಿ ನಿಂಗೊಂದ್ಸಲ ಕಳಿಸ್ಲಾ? ಹಿಡ್ಕಂತ್ಯಾ?"

"ನಂಗಾ? ಎಂತದೇ, ಕುಮಟೆಯವ ಬೇಜಾರ ಬಂದ್ನಾ?" ಗಣಪಿ ನಕ್ಕಳು. "ಆತು, ಕಳ್ಸು ಮಾರಾಯ್ತಿ."

ಬಂಗಾರಿ ಗುಂಡಿ ಒತ್ತಿದಳು.

ಕೊನೆಯ ದೀಪ ಹತ್ತಿತು. ಸುಟ್ಟುಹೋದ ಬಲ್ಬು ಕೆಂಪಗೆ, ಚೂರೂ ನಾಚಿಕೆಯಿಲ್ಲದೆ ಉರಿಯಿತು.

"ಬಂತೇ!" ಎಂದಳು ಗಣಪಿ. ಒಂಬತ್ತು ನಿಮಿಷ. "ನಮ್ದೂ ಕುಮಟೆಗೆ ಇಷ್ಟೇ ಹೊತ್ತಲ್ಲಿ ಹೋಗ್ತದೆ. ನೀ ಎಂತಕೆ ಸುಮ್ನಾದೆ? ಹೇ, ಬಂಗಾರಿ?"

ಇಲ್ಲಿಂದ ಹೊನ್ನಾವರದವರೆಗೆ ತಂತಿ ಸರಿ. ಅದೇ ದಾರಿಯಲ್ಲಿ ಮುಂದೆ ಕುಮಟೆಗೂ ಸರಿ. ಕೆಟ್ಟದ್ದು ತಂತಿಯಲ್ಲ, ಪೆಟ್ಟಿಗೆಯೂ ಅಲ್ಲ. ದಿನಾ ನಾಲ್ಕು ಗಂಟೆಗೆ, ಅವಳ ಪಟ್ಟಿ ಬರುವ ಹೊತ್ತಿಗೆ ಮಾತ್ರ, ಯಾರೋ ವೇಗ ಇಳಿಸುತ್ತಿದ್ದರು. ಆ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಅದೇ ಕೈ ಅಬ್ಬಲಿಗೆ ದಂಡೆಯ ದಾರ ಬಿಡಿಸಿ ಕೊಡುತ್ತಿತ್ತು.

ಅಂದು ಗುರುವಾರ. ಹನ್ನೊಂದರ ಬಸ್ಸಿಗೆ ದೇವು ಬಂದ. ನೆನೆದ ಕೂದಲು, ಕೈಯಲ್ಲಿ ಬಾಳೆಲೆಯ ಪೊಟ್ಟಣ.

"ಇವತ್ತು ತಂತಿಗೆ ಹೇಗದೆ?"

"ತಂತಿ ಆರಾಮದೆ. ನೀನು ಹೇಗಿದ್ದೀ?"

ಅವಳು ಎಂದೂ ಅವನನ್ನು ನೀನು ಎಂದವಳಲ್ಲ. ದೇವು ಅವಳ ಮುಖ ನೋಡಿದ, ಮೇಜಿನ ಮೇಲೆ ತೆರೆದಿದ್ದ ನೋಟುಬುಕ್ಕು ನೋಡಿದ. ಸ್ಕ್ರೂಡ್ರೈವರ್ ಮೆಲ್ಲಗೆ ಕೆಳಗಿಟ್ಟ.

"ಒಂಬತ್ತು ನಿಮಿಷ ಸಾಲ್ತಿರಲಿಲ್ಲ ಬಂಗಾರಿ," ಎಂದ. "ಬಂತಾ, ಬಂತು ಅನ್ನೂದ್ರೊಳಗೆ ನೀವು ಫೋನಿಟ್ಟುಬಿಡ್ತಿದ್ರಿ. ಒಂದು ದಿನ ಮಾಡ್ದೆ. ಆಮೇಲೆ ಬಿಡುಕೆ ಆಗ್ಲಿಲ್ಲ."

"ಕೇಳಿದ್ರೆ ಮಾತಾಡ್ತಿರಲಿಲ್ವಾ ನಾನು? ಬಸ್ಸು ಹಿಡ್ದು ಕುಮಟೆಗೇ ಬರ್ತಿದ್ದೆ."

ಅವನು ಬಾಳೆಲೆಯ ಪೊಟ್ಟಣವನ್ನೂ ಮೇಜಿನ ಮೇಲಿಟ್ಟ.

"ಪ್ರೀತಿಗೆ ಮಾಡಿದ್ದು ಅಂತೀಯಾ, ಆತು. ತಿಮ್ಮಪ್ಪಣ್ಣ ನನ್ ಮೇಲೆ ಚೀಟಿ ಬರೀವಾಗ ನೀ ಅದೇ ಆಫೀಸಲ್ಲಿ ಇದ್ದೆ. ಆಗ ಬಾಯಿ ಬಿಡದೆ ಇದ್ದದ್ದು ಎಂತಕ್ಕೆ?"

"ಹೆದರಿಕೆ," ಎಂದ ದೇವು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದ. "ನಾಳೆಯಿಂದ ಸರಿ ಮಾಡ್ತೆ. ತಂತಿ ರಿಪೇರಿ ಆತು ಅಂದ್ರೆ ಮುಗೀತು. ನಿಮ್ ಕೆಲ್ಸ ಉಳೀತದೆ, ನಂದೂ ಉಳೀತದೆ. ಯಾರಿಗೂ ಗೊತ್ತಾಗೂದಿಲ್ಲ."

ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಈಗ ಬಂತು. ಅವಳು ಒರೆಸಿಕೊಳ್ಳಲಿಲ್ಲ. ಮಾತಿನ ಫೋನೆತ್ತಿ ಕುಮಟೆಗೆ ಹಚ್ಚಿದಳು. ತಿಮ್ಮಪ್ಪನ ದನಿ ಬಂದ ಕೂಡಲೇ ರಿಸೀವರನ್ನು ದೇವುವಿನತ್ತ ಚಾಚಿದಳು.

"ಹೇಳು."

ಅವನು ಅದನ್ನೇ ನೋಡುತ್ತ ನಿಂತ. ಅವಳ ಕೈ ಸೋಲತೊಡಗಿತು, ಆದರೂ ಇಳಿಸಲಿಲ್ಲ. ಕೊನೆಗೆ ಅವನು ತೆಗೆದುಕೊಂಡ. ತಡವರಿಸುತ್ತ, ಜೂನಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ನಡುವೆ ಒಮ್ಮೆ, "ಅವ್ಳ ತಪ್ಪು ಒಂದೂ ಇಲ್ಲ ತಿಮ್ಮಪ್ಪಣ್ಣ, ಅವ್ಳೇ ಕಂಡುಹಿಡಿದದ್ದು" ಎಂದ. ಆಚೆಯ ಬೈಗುಳ ಕೋಣೆಗೆಲ್ಲ ಕೇಳಿಸಿತು.

ರಿಸೀವರ್ ಅವಳ ಕೈಗೆ ಮರಳಿತು.

"ಬಂಗಾರಿ, ಆ ಚೀಟಿ ಹರಿದು ಹಾಕು," ಎಂದ ತಿಮ್ಮಪ್ಪ. "ನಿನ್ ಕಾಯಂ ಕಾಗ್ದ ಸೋಮವಾರ ಬರ್ತದೆ. ಇವನ ಎಂತ ಮಾಡ್ಲಿ? ಮನೆಗೆ ಕಳಿಸ್ಲಾ? ನೀನೇ ಹೇಳು."

ದೇವು ಗೋಡೆ ನೋಡುತ್ತಿದ್ದ. ಕಿವಿಯ ಹಿಂದಿನಿಂದ ಮಳೆನೀರು ಇನ್ನೂ ಇಳಿಯುತ್ತಿತ್ತು. ಅದನ್ನು ಒರೆಸಬೇಕೆಂದು ಅವಳ ಬೆರಳಿಗೆ ಈಗಲೂ ಅನ್ನಿಸಿತು. ಅದಕ್ಕೇ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ಮನೆಗೆ ಬೇಡ. ತದಡಿ ಬಂದರಿನ ಗೋದಾಮಿಗೆ ಹಾಕಿ. ಅಲ್ಲಿ ನಮ್ ತಂತಿ ಇಲ್ಲ."

ಫೋನಿಟ್ಟಳು.

"ಮದುವೆಗೆ ಕೇಳುವಾ ಅಂತಿದ್ದೆ," ಎಂದ ದೇವು. "ದೀಪಾವಳಿ ಕಳೀಲಿ ಅಂತ ಕಾಯ್ತಿದ್ದೆ."

"ನಾನೂ ಕಾಯ್ತಿದ್ದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನು ನೀ ಮಳೆ ಬಂತು ಅಂದ್ರೂ ನಾ ಹೊರಗೆ ಹೋಗಿ ನೋಡ್ಬೇಕು ದೇವು. ಹಾಗೆ ನೋಡ್ಕಂಡು ನೋಡ್ಕಂಡು ಸಂಸಾರ ಮಾಡುಕೆ ಆಗ್ತದಾ?"

ಅವನು ಬಾಗಿಲವರೆಗೆ ಹೋಗಿ ತಿರುಗಿದ. "ಕಾಗ್ದ ಬರೀಲಾ?"

"ಬರಿ," ಎಂದಳು ಬಂಗಾರಿ. "ಓದೂದು ಬಿಡೂದು ನಂಗೆ ಸೇರಿದ್ದು."

ಅವನು ಮೆಟ್ಟಿಲಿಳಿದು ಹೋದ. ಹೊರಗೆ ಮೊದಲ ದೋಣಿ ದಕ್ಕೆಗೆ ತಾಗಿತ್ತು. ಶನಿಯಾರ ಮಾವ ಅಲ್ಲಿಂದಲೇ ಬುಟ್ಟಿಗಳ ಲೆಕ್ಕ ಕೂಗುತ್ತಿದ್ದ. ಅವಳು ಕುರ್ಚಿ ಎಳೆದುಕೊಂಡು ಅಂದಿನ ಪಟ್ಟಿಗೆ ಕೂತಳು. ಮಾವನ ದೋಣಿಯ ಹೆಸರು ಎರಡು ಸಲ ತಪ್ಪಾಯಿತು. ಅಳಿಸಿ, ಮೂಗು ಎಳೆದುಕೊಂಡು, ಮತ್ತೆ ಒಂದೊಂದೇ ಅಕ್ಷರ ಒತ್ತತೊಡಗಿದಳು.