ಅಧ್ಯಕ್ಷರಿಗೆ ಒಂದು ಪ್ರಶ್ನೆ

ಮೈಕು ಕೈಗೆ ಬಂದಾಗ ಧನುಶ್ರೀ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಭಯ ಬೇಡ. ಅಧ್ಯಕ್ಷರನ್ನ ಕೇಳು," ಎಂದರು ಭಾರ್ಗವಿ ಮಿಸ್.

ಅದು ಮಕ್ಕಳ ಗ್ರಾಮಸಭೆ. ಕ್ಯಾಸಂಬಳ್ಳಿ ಹತ್ತಿರದ ಆ ಊರಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಪಂಚಾಯ್ತಿ ಅಧ್ಯಕ್ಷೆ ರಾಧ, ಧನುಶ್ರೀಯ ಅಮ್ಮ. ಆದರೆ ನಡುವಿನ ದೊಡ್ಡ ಕುರ್ಚಿಯಲ್ಲಿ ಕೂತಿದ್ದವನು ಅಪ್ಪ ಮುನಿರಾಜು. ಎಲ್ಲ ಮೀಟಿಂಗಿಗೂ ಹೋಗುತ್ತಿದ್ದವನು ಅವನೇ. ಅಮ್ಮ ಮನೆಯಲ್ಲೇ ಸಹಿ ಹಾಕುತ್ತಿದ್ದಳು. ಇವತ್ತು ಫೋಟೋ ತೆಗೀತಾರೆ ಅಂತ ಬಂದು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ನಮ್ ಉಡ್ಗೀರ್ ಟಾಯ್ಲೆಟ್ಟಲ್ಲಿ ನೀರು ಬರಲ್ಲ. ಬಾಗಿಲಿಗೆ ಚಿಲಕಾನೂ ಇಲ್ಲ," ಎಂದಳು ಧನುಶ್ರೀ.

"ಆಯ್ತು ಕಣಮ್ಮ, ನೋಡಾನ. ನೆಕ್ಸ್ಟ್?" ಎಂದ ಅಪ್ಪ.

"ಓದ್ ವರ್ಷಾನೂ ಇಂಗೇ ಅಂದಿದ್ರು ಕಣೇ," ಎಂದು ಪಿಸುಗುಟ್ಟಿದಳು ಗೆಳತಿ ಅರ್ಚನ.

ಧನುಶ್ರೀ ಮೈಕು ಬಿಡಲಿಲ್ಲ. ಅಮ್ಮನ ಕಡೆ ತಿರುಗಿದಳು.

"ನಾನು ಅಧ್ಯಕ್ಷರನ್ನ ಕೇಳಿದ್ದು."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಪ್ಪನ ಮುಖ ಬಿಗಿಯಿತು. "ಲೇ, ಕೂತ್ಕಳೇ!"

ಅಮ್ಮ ಎದ್ದು ನಿಂತಳು. "ಮತ್ತೆ ನೀವೆಲ್ಲ ಏನ್ಮಾಡ್ತೀರಾ?"

"ನೀರೇ ಕುಡಿಯಲ್ಲ. ಸಂಜೆಗಂಟ ತಡ್ಕಂತೀವಿ."

"ಇದನ್ನ ಮನೇಲಿ ಯಾಕೆ ಏಳ್ಲಿಲ್ಲ ನೀನು?"

"ಮೀಟಿಂಗ್‌ಗೆ ಓಗೋದು ಅಪ್ಪ ತಾನೇ? ಇದನ್ನೆಲ್ಲ ಅಪ್ಪಂಗೆ ಏಳಕ್ಕೆ ನಾಚ್ಕೆ."

ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ.

ಅಮ್ಮ ನೆಟ್ಟಗೆ ಟಾಯ್ಲೆಟ್ ಕಡೆ ನಡೆದಳು. ಪಂಚಾಯ್ತಿ ಆಫೀಸರು ಹಿಂದೆಯೇ ಓಡಿದರು. ಅಮ್ಮ ನಲ್ಲಿ ತಿರುಗಿಸಿ ನೋಡಿದಳು. ಒಳಗೆ ನಿಂತು ಬಾಗಿಲು ಎಳೆದುಕೊಂಡಳು. ಕೈ ಬಿಟ್ಟ ಕೂಡಲೇ ಅದು ಕಿರ್ರೆಂದು ತೆರೆದುಕೊಂಡಿತು.

"ಸಾರ್, ಚಿಲಕ ಇವತ್ತೇ ಆಕಿಸ್ಬೇಕು. ಪೈಪ್ ರಿಪೇರಿಗೆ ನಾಳೆ ಜನ ಕಳಿಸಿ. ಕೆಲ್ಸ ಮುಗಿಯಗಂಟ ನಾನೇ ಬಂದು ನಿಂತ್ಕಂತೀನಿ."

"ಆಯ್ತು ಮೇಡಂ."

ಸಂಜೆ ಮನೆಗೆ ಹೋಗುವಾಗ ಅಪ್ಪ ಮುಂದೆ ಮುಂದೆ ನಡೆಯುತ್ತಿದ್ದ. ಬೈಗುಳ ಈಗ ಬರುತ್ತೆ, ಆಗ ಬರುತ್ತೆ ಎಂದು ಧನುಶ್ರೀ ಕಾದಳು.

ಮಾತಾಡಿದ್ದು ಅಮ್ಮ. "ಬುಧವಾರ ಬಂಗಾರಪೇಟೆ ಮೀಟಿಂಗ್‌ಗೆ ನಾನೇ ಓಗ್ತೀನಿ."

ಅಪ್ಪ ನಡಿಗೆ ನಿಧಾನ ಮಾಡಿದ.

"ಅವತ್ತು ಆಲು ಕರ್ದು ಡೈರಿಗೆ ಆಕೋರ್ಯಾರು?"

"ನೀವೇ."

"ಊಂ," ಎಂದ ಅಪ್ಪ, ತಿರುಗಿ ನೋಡದೆ.

ಧನುಶ್ರೀ ಅಮ್ಮನ ಕೈ ಹಿಡಿದುಕೊಂಡಳು. ಅಮ್ಮ ಇವತ್ತು ಹೊಸದಾಗಿ ಏನನ್ನೂ ಕಲಿತಿರಲಿಲ್ಲ. ಆಫೀಸರಿಗೆ ಹೇಳಿದ ಆ ದನಿ ಮನೆಯಲ್ಲಿ ದಿನಾ ಕೇಳುವುದೇ. ಊರಿನವರು ಮಾತ್ರ ಇವತ್ತೇ ಮೊದಲು ಕೇಳಿದ್ದು.